ಕ್ರಯವಿಲ್ಲದ ಕೃಪೆ

ಸಂಸ್ಕೃತ ವ್ಯಾಕರಣವನ್ನು ಅಭ್ಯಾಸ ಮಾಡಿದವರಿಗೆ ಸಂಪ್ರದಾನಕಾರಕದ ವಿಚಾರವು ತಿಳಿದೇ ಇರುವುದು. ಕೊಡುವ ಕ್ರಿಯೆಯಲ್ಲಿ ಯಾರನ್ನು ಉದ್ದೇಶಿಸಿ ಕೊಡುವೆವೋ ಅವನೇ ಸಂಪ್ರದಾನ. ಅವನನ್ನು ಹೇಳುವ ಪದಕ್ಕೆ ಚತುರ್ಥೀ ವಿಭಕ್ತಿಯು ಬರುವುದು. ಯಾಚಕನಿಗೆ ಗೋವನ್ನು ಕೊಟ್ಟನೆಂದರೆ ಅಲ್ಲಿ ಚತುರ್ಥಿಯುಂಟು. ಆದರೆ ಅಗಸನಿಗೆ ಬಟ್ಟೆಯನ್ನು ಕೊಟ್ಟನೆಂಬಲ್ಲಿ ಪ್ರಾಚೀನ ವ್ಯಾಖ್ಯಾನಕಾರರು ಚತುರ್ಥಿಯನ್ನೊಪ್ಪದೆ ಷಷ್ಠಿಯನ್ನೇ ಹೇಳಿದರು. ಕಾರಣವೇನೆಂದರೆ, ಆ ಬಟ್ಟೆಯು ಮಡಿಯಾಗಿ ಮರಳಿ ಬರತಕ್ಕದ್ದು. ಕೊಟ್ಟವನ ಸ್ವತ್ವವು ಅದರಿಂದ ಕಳಚಿರುವುದಿಲ್ಲ. ಮರಳಿ ಬರಲೆಂದು ಕೊಟ್ಟದ್ದು ಕೊಟ್ಟದ್ದೇ ಅಲ್ಲವೆಂಬುದು ಅವರ ಆಶಯ. ಒಂದು ವಿಭಕ್ತಿಯ ಚರ್ಚೆಯಲ್ಲಿ ಎಷ್ಟು ದೊಡ್ಡ ಧರ್ಮಸೂಕ್ಷ್ಮವು ಅಡಗಿದೆ, ನೋಡಿರಿ!

ಈ ಅಳತೆಗೋಲನ್ನು ಹಿಡಿದು ನಮ್ಮ ಸಂಸಾರದ ಕೊಡುಕೊಳ್ಳುವಿಕೆಯನ್ನು ಅಳೆದರೆ ಅದರ ಬಹುಭಾಗವು ಅಗಸನ ಬಟ್ಟೆಯೇ ಆಗಿ ತೋರುವುದು. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮುಯ್ಯಿ ಮಾಡಿದವರ ಮನೆಯಲ್ಲಿ ಶುಭಕಾರ್ಯವಾದಾಗ ಅದಕ್ಕೆ ಸರಿಯಾಗಿ, ಕೈಲಾದರೆ ಒಂದು ರೂಪಾಯಿ ಹೆಚ್ಚಾಗಿಯೇ, ತೀರಿಸಿ ಬರುವೆವು. ದೇವರ ಸನ್ನಿಧಿಗೆ ಹೋಗುವಾಗಲೂ ಈ ಲೆಕ್ಕದ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಹೋಗುವವರು ವಿರಳ. ಇಷ್ಟು ಮಾಡಿದರೆ ಇಷ್ಟು ಕೊಡುವನು, ಇಷ್ಟು ತಪ್ಪಿದರೆ ಇಷ್ಟು ಕಿತ್ತುಕೊಳ್ಳುವನು ಎಂಬ ಎಣಿಕೆಯು ನಮಗೆ ಅಭ್ಯಾಸವಾಗಿಹೋಗಿದೆ. ಹೀಗಿರುವಲ್ಲಿ, ಮನುಷ್ಯನ ರಕ್ಷಣೆಯು ದೇವರ ಶುದ್ಧವಾದ ದಾನ, ಅದಕ್ಕೆ ಕ್ರಯವೆಂಬುದೇ ಇಲ್ಲ, ಕೈಯೊಡ್ಡುವುದೊಂದೇ ಮನುಷ್ಯನಿಂದ ಆಗತಕ್ಕದ್ದು ಎಂಬ ಕ್ರೈಸ್ತಮತದ ಬೋಧನೆಯು ಕಿವಿಗೆ ಇಂಪಾಗಿ ಕೇಳಿಸಿದರೂ ಮನಸ್ಸಿಗೆ ಸುಲಭವಾಗಿ ಒಗ್ಗತಕ್ಕದ್ದಲ್ಲ.

ಈ ಬೋಧನೆಯ ಮೂಲವು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿದೆ. ಪೌಲನೆಂಬ ಅಪೊಸ್ತಲನು ಎಫೆಸ ಪಟ್ಟಣದ ಸಭೆಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ, ರಕ್ಷಣೆಯು ಕೃಪೆಯಿಂದ ನಂಬಿಕೆಯ ಮೂಲಕ ದೊರೆಯುವುದೇ ಹೊರತು ಸತ್ಕರ್ಮಗಳ ಸಂಪಾದನೆಯಲ್ಲವೆಂದೂ, ಆದಕಾರಣ ಯಾರೊಬ್ಬನೂ ಹೊಗಳಿಕೊಳ್ಳಲು ಆಸ್ಪದವಿಲ್ಲವೆಂದೂ ಪ್ರತಿಪಾದಿಸಿದನು. ಇದೇ ಮಾತನ್ನು ಕಥೆಯಾಗಿ ಕೇಳಬೇಕಾದರೆ ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ನೋಡಬೇಕು. ತಂದೆಯ ಆಸ್ತಿಯಲ್ಲಿ ತನ್ನ ಪಾಲನ್ನು ಹಿರಿದುಕೊಂಡು ದೂರದೇಶದಲ್ಲಿ ಹಾಳುಮಾಡಿ, ಹಂದಿಗಳನ್ನು ಕಾಯುತ್ತ ಹಸಿವಿನಿಂದ ಬಳಲಿದ ಕಿರಿಯ ಮಗನು ಮನೆಗೆ ಮರಳಲು ನಿಶ್ಚಯಿಸುತ್ತಾನೆ. ತಂದೆಯೆದುರಿಗೆ ಹೇಳತಕ್ಕ ಮಾತುಗಳನ್ನು ಹೊರಡುವುದಕ್ಕೆ ಮುಂಚೆಯೇ ಸಿದ್ಧಪಡಿಸಿಕೊಳ್ಳುತ್ತಾನೆ. ಆ ಮಾತುಗಳ ಕೊನೆಯಲ್ಲಿ, ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನನ್ನಾಗಿ ಇಟ್ಟುಕೊಳ್ಳಬೇಕೆಂಬ ಪ್ರಾರ್ಥನೆಯಿದೆ. ಆದರೆ ತಂದೆಯು ಓಡಿಬಂದು ಅಪ್ಪಿಕೊಂಡ ಮೇಲೆ ಮಗನು ತಪ್ಪೊಪ್ಪಿಗೆಯನ್ನಷ್ಟೇ ನುಡಿಯುತ್ತಾನೆ. ಕೂಲಿಯ ಮಾತು ಬಾಯಿಂದ ಹೊರಡುವುದಕ್ಕೆ ಮುಂಚೆಯೇ ಮೇಲಂಗಿಯೂ ಉಂಗುರವೂ ಪಾದರಕ್ಷೆಯೂ ಬಂದುಬಿಡುತ್ತವೆ. ಮಗನಿಗೆ ಕೂಲಿಯ ಕರಾರು ಸಲ್ಲದು.

ಕಥೆಯು ಅಲ್ಲಿಗೇ ಮುಗಿಯುವುದಿಲ್ಲ. ಮನೆಯಲ್ಲಿ ವಾದ್ಯಗಳೂ ನರ್ತನವೂ ಆರಂಭವಾಗುತ್ತವೆ. ಹೊಲದಿಂದ ಬರುತ್ತಿದ್ದ ಹಿರಿಯ ಮಗನು ಆ ಧ್ವನಿಯನ್ನು ಕೇಳಿ, ಸಂಗತಿಯನ್ನು ಆಳಿನಿಂದ ತಿಳಿದು, ಕೋಪಗೊಂಡು ಹೊರಗೆಯೇ ನಿಲ್ಲುತ್ತಾನೆ. ಇಷ್ಟು ವರ್ಷ ಸೇವೆ ಮಾಡಿದ ತನಗೆ ಒಂದು ಆಡಿನ ಮರಿಯೂ ದೊರೆಯಲಿಲ್ಲವೆಂಬುದು ಅವನ ವ್ಯಥೆ. ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಕಿರಿಯವನನ್ನು ಒಳಗೆ ಕರೆತರುವುದಕ್ಕಾಗಿ ಯಾರೂ ಹಾಡಲಿಲ್ಲ. ಅವನು ಒಳಗೆ ಬಂದನೆಂದು ಹಾಡಿದರು. ಕ್ರೈಸ್ತರ ಸ್ತುತಿಗೀತೆಯ ಸ್ವಭಾವವೆಲ್ಲವೂ ಇದರಲ್ಲಿಯೇ ಇರುವುದು. ಹಾಡು ದಾನದ ಬೆಲೆಯಲ್ಲ, ದಾನವು ಕೈಸೇರಿದುದರ ಸದ್ದು. ಹಿರಿಯವನಾದರೋ ಲೆಕ್ಕದ ಪುಸ್ತಕವನ್ನು ಹಿಡಿದು ನಿಂತುದರಿಂದ ಸಂಗೀತವು ಅವನ ಕಿವಿಗೆ ಗದ್ದಲವಾಯಿತು.

ಕೃಪೆಯ ಈ ವಿಚಾರವು ನಮ್ಮ ದೇಶಕ್ಕೆ ಅಪರಿಚಿತವೇನೂ ಅಲ್ಲ. ಶ್ರೀವೈಷ್ಣವ ಆಚಾರ್ಯರು ಮರ್ಕಟಕಿಶೋರನ್ಯಾಯ, ಮಾರ್ಜಾರಕಿಶೋರನ್ಯಾಯ ಎಂಬ ಎರಡು ದೃಷ್ಟಾಂತಗಳಿಂದ ಇದನ್ನೇ ಚರ್ಚಿಸಿದರು. ಕೋತಿಯ ಮರಿಯು ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುವುದು. ವಡಗಲೆಯವರು ಮೊದಲನೆಯದನ್ನೂ ತೆಂಗಲೆಯವರು ಎರಡನೆಯದನ್ನೂ ಅವಲಂಬಿಸಿದರು. ಎರಡು ಮತಗಳ ಸಿದ್ಧಾಂತಗಳು ಒಂದೇ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಕ್ರೈಸ್ತರ ಕೃಪಾವಾದಕ್ಕೆ ಯೇಸುವಿನ ಶಿಲುಬೆಯ ಮರಣವೂ ಪುನರುತ್ಥಾನವೂ ಬುನಾದಿಯಾಗಿರುವುವು. ಆದರೂ ತಾಯಿಯ ಬಾಯಲ್ಲಿ ತೂಗುವ ಮರಿಯನ್ನು ಕಂಡವರಿಗೆ ಪೌಲನ ಮಾತಿನ ಅಭಿಪ್ರಾಯವನ್ನು ಹಿಡಿಯುವುದು ಕಷ್ಟವಾಗಲಾರದು.

ಯೂರೋಪಿನಲ್ಲಿ 1517ರಲ್ಲಿ ಮಾರ್ಟಿನ್ ಲೂಥರನು ಎಬ್ಬಿಸಿದ ಮಹಾವಾದದ ತಿರುಳು ಈ ಪ್ರಶ್ನೆಯೇ ಆಗಿದ್ದಿತು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ತನ್ನ ಪುಣ್ಯದಿಂದಲೋ, ದೇವರ ಕೃಪೆಯಿಂದಲೋ? ಕೃಪೆಯಿಂದಲೇ ಎಂದು ಸಾರಿದ ಲೂಥರನು ಗ್ರಂಥಗಳನ್ನು ಬರೆದುದಲ್ಲದೆ ಹಾಡುಗಳನ್ನೂ ಕಟ್ಟಿದನು. ಅವುಗಳನ್ನೊಳಗೊಂಡ ಗೀತಸಂಗ್ರಹವು 1524ರಲ್ಲಿ ವಿಟೆನ್‌ಬರ್ಗಿನಲ್ಲಿ ಪ್ರಕಟವಾಯಿತು. ಸಂಪಾದಿಸಿ ಪಡೆದವನು ಲೆಕ್ಕ ಹೇಳುವನು, ಸುಮ್ಮನೆ ಪಡೆದವನು ಹಾಡುವನು. ಆದುದರಿಂದ ಈ ಬೋಧನೆಯೂ ಜನರ ಹಾಡೂ ಒಂದರ ಹಿಂದೊಂದು ಬಂದುದು ಆಶ್ಚರ್ಯವಲ್ಲ. ಇಂಗ್ಲೆಂಡಿನಲ್ಲಿ ಐಸಾಕ್ ವಾಟ್ಸನು 1707ರಲ್ಲಿ ತನ್ನ ಗೀತಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷ ಹುಟ್ಟಿದ ಚಾರ್ಲ್ಸ್ ವೆಸ್ಲಿಯು 6000ಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದನು. ಲೂಥರನ ಕಾಲದಲ್ಲಿ ಸಭೆಗಳನ್ನು ಒಡೆದ ಈ ವಾದದಲ್ಲಿ, 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರೋಮನ್ ಕಥೋಲಿಕ ಸಭೆಯವರೂ ಲೂಥರನ್ ಸಭೆಗಳ ಒಕ್ಕೂಟದವರೂ ಕೂಡಿ, ರಕ್ಷಣೆಯು ಕೃಪೆಯಿಂದಲೇ ಎಂಬ ಮೂಲಾಂಶದಲ್ಲಿ ತಮಗೆ ಸಹಮತವುಂಟೆಂದು ಸಹಿ ಹಾಕಿದರು.

ಸಿದ್ಧಾಂತವು ಹೀಗಿರಲಿ. ಕ್ರಯವಿಲ್ಲದ ದಾನವು ಒಬ್ಬ ಮನುಷ್ಯನ ಬಾಳಿನಲ್ಲಿ ಏನು ಮಾಡುವುದೆಂಬುದು ಗೃಹಸ್ಥರಾದ ನಮಗೆ ಹೆಚ್ಚು ಮುಖ್ಯವಾದ ವಿಷಯ. ಅದಕ್ಕೆ ಜಾನ್ ನ್ಯೂಟನ್ನನ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. ಈತನು 1725ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ತಂದೆಯು ಹಡಗಿನ ಯಜಮಾನ. ಪ್ರಾರ್ಥನೆಯನ್ನು ಕಲಿಸಿದ ತಾಯಿಯು ಮಗನಿಗೆ ಏಳು ತುಂಬುವ ಮೊದಲೇ ತೀರಿಕೊಂಡಳು. ಬಾಲ್ಯದಲ್ಲಿಯೇ ಸಮುದ್ರಯಾನಕ್ಕೆ ಹೊರಟ ಹುಡುಗನು ದುರ್ಮಾರ್ಗದಲ್ಲಿ ಬೆಳೆದನು. 1744ರಲ್ಲಿ ಬಲಾತ್ಕಾರದಿಂದ ಯುದ್ಧನೌಕೆಗೆ ಸೇರಿಸಲ್ಪಟ್ಟು, ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು, ಎಲ್ಲರೆದುರಿಗೆ ಚಾವಟಿಯ ಏಟುಗಳನ್ನು ತಿಂದನು. ಅನಂತರ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಸೇರಿ, ರೋಗದಿಂದಲೂ ಹಸಿವಿನಿಂದಲೂ ಗುಲಾಮರಿಗಿಂತಲೂ ಕಡೆಯಾದ ಸ್ಥಿತಿಗೆ ಬಂದನು. ಆ ಕಾಲದಲ್ಲಿ ಸರಪಣಿ ತೊಟ್ಟ ಗುಲಾಮರೇ ತಮ್ಮ ಅಲ್ಪವಾದ ಕೂಳಿನಲ್ಲಿ ಪಾಲು ತೆಗೆದು ಗುಟ್ಟಾಗಿ ತನಗೆ ಕೊಟ್ಟು ಬದುಕಿಸಿದರೆಂದು ಆತನೇ ತನ್ನ ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ. ಆ ದುರವಸ್ಥೆಯಲ್ಲಿಯೂ ಯೂಕ್ಲಿಡನ ರೇಖಾಗಣಿತದ ಪುಸ್ತಕವೊಂದನ್ನು ಬಿಡದೆ, ಕಡಲತೀರದ ಮರಳಿನಲ್ಲಿ ಕಡ್ಡಿಯಿಂದ ಆಕೃತಿಗಳನ್ನು ಬರೆದು ಕಲಿತನು.

1748ರ ಮಾರ್ಚ್ ತಿಂಗಳಿನಲ್ಲಿ ಗ್ರೇಹೌಂಡ್ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿರುವಾಗ ಅಟ್ಲಾಂಟಿಕ್ ಸಾಗರದಲ್ಲಿ ಭಯಂಕರವಾದ ಬಿರುಗಾಳಿಯು ಎದ್ದಿತು. ಹಡಗಿನ ಒಂದು ಪಾರ್ಶ್ವವು ಒಡೆದು ನೀರು ನುಗ್ಗಿತು. ಗಂಟೆಗಟ್ಟಲೆ ನೀರೆತ್ತಿ, ಬಳಿಕ ಚುಕ್ಕಾಣಿಯನ್ನು ಹಿಡಿದು ನಿಂತ ನ್ಯೂಟನ್ನನ ಬಾಯಿಂದ, ತಾನು ಹಾಸ್ಯ ಮಾಡುತ್ತಿದ್ದ ದೇವರ ಹೆಸರು ಬೇಡಿಕೆಯಾಗಿ ಹೊರಟಿತು. ಹಡಗಿನಲ್ಲಿದ್ದ ಸರಕು ಜೇನುಮೇಣವೂ ಮರವೂ ಆಗಿದ್ದು, ಅವು ನೀರಿಗಿಂತ ಹಗುರವಾದುದರಿಂದ ಹಡಗು ಮುಳುಗದೆ ಏಪ್ರಿಲ್ ತಿಂಗಳಿನಲ್ಲಿ ಐರ್ಲೆಂಡಿನ ದಡ ಸೇರಿತು. ಆಗ ಆತನ ವಯಸ್ಸು ಇಪ್ಪತ್ತೆರಡು. ಪಡೆಯಲು ಯಾವ ಯೋಗ್ಯತೆಯೂ ಇಲ್ಲದ ತನಗೆ ಜೀವದಾನವಾಯಿತೆಂಬ ಭಾವನೆಯು ಅಂದಿನಿಂದ ಆತನನ್ನು ಬಿಡಲಿಲ್ಲ. ಆ ದಿನವನ್ನು ಆತನು ಬದುಕಿರುವವರೆಗೂ ವರ್ಷವರ್ಷವೂ ಆಚರಿಸಿದನು.

ಆದರೆ ಇಲ್ಲಿ ಕಥೆ ಹೇಳುವವರು ಸಾಮಾನ್ಯವಾಗಿ ಹಾರಿಸಿಬಿಡುವ ಅಂಶವೊಂದುಂಟು. ನಾವು ಅದನ್ನು ಮರೆಮಾಡಬಾರದು. ಬಿರುಗಾಳಿಯಿಂದ ಬದುಕಿ ದೇವರ ಕಡೆಗೆ ತಿರುಗಿದ ನ್ಯೂಟನ್ನನು ಗುಲಾಮರ ವ್ಯಾಪಾರವನ್ನು ಬಿಡಲಿಲ್ಲ. 1750ರಿಂದ 1754ರ ವರೆಗೆ ಆತನು ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕನಾಗಿಯೇ ಮೂರು ಬಾರಿ ಯಾನ ಮಾಡಿದನು. ಮೇಲಿನ ಅಟ್ಟದಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ; ಕೆಳಗಿನ ಕತ್ತಲೆಯಲ್ಲಿ ಸರಪಣಿ ಬಿಗಿದ ಮನುಷ್ಯರು. ತನಗೆ ಅನ್ನವಿಕ್ಕಿದವರ ಕುಲದವರನ್ನೇ ಆತನು ಮಾರಿದನು. ಕೊನೆಗೆ ಬಿಟ್ಟುದೂ ಧರ್ಮಬುದ್ಧಿಯಿಂದಲ್ಲ. 1754ರಲ್ಲಿ ಮತ್ತೆ ಹೊರಡುವುದಕ್ಕೆ ಮೊದಲು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದುದರಿಂದ ವೈದ್ಯರು ಸಮುದ್ರಯಾನವನ್ನು ನಿಷೇಧಿಸಿದರು.

ಕೃಪಾವಾದದ ವಿರುದ್ಧ ಸರ್ವಕಾಲದಲ್ಲಿಯೂ ಕೇಳಿಬರುವ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಯಾವುದು? ಸುಮ್ಮನೆ ದೊರೆಯುವ ಕ್ಷಮೆಯು ಮನುಷ್ಯನನ್ನು ಅಲಕ್ಷ್ಯಕ್ಕೆ ದೂಡುವುದಲ್ಲವೇ? ತಂದೆಯು ಹೇಗೂ ಅಪ್ಪಿಕೊಳ್ಳುವನೆಂದು ತಿಳಿದ ಮಗನು ಮತ್ತೊಮ್ಮೆ ದೂರದೇಶಕ್ಕೆ ಹೋಗನೇ? ಪೌಲನೂ ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಈ ಆಕ್ಷೇಪವನ್ನು ತಾನೇ ಎತ್ತಿ ಖಂಡಿಸಿದ್ದಾನೆ. ನ್ಯೂಟನ್ನನ ಬಾಳಿನಲ್ಲಿ ಇದಕ್ಕೆ ಸಮಾಧಾನವು ದೊರೆಯಲು ನಾಲ್ವತ್ತು ವರ್ಷಗಳು ಬೇಕಾದುವು. ಅದುವರೆಗೆ ನಡೆದುದನ್ನು ಮೊದಲು ಹೇಳುವೆವು.

ಹಡಗನ್ನು ಬಿಟ್ಟ ನ್ಯೂಟನ್ನನು ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಇಲಾಖೆಯ ಉದ್ಯೋಗದಲ್ಲಿದ್ದು, ಗ್ರೀಕ್ ಹೀಬ್ರೂ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತು, 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಸಣ್ಣ ಊರಿನ ಸಭಾಪಾಲಕನಾದನು. ಊಸ್ ನದಿಯ ತೀರದ ಆ ಊರಿನಲ್ಲಿ ಬಡವರೇ ಹೆಚ್ಚು. ದಿಂಬಿನ ಮೇಲೆ ನೂಲಿನ ಕಡ್ಡಿಗಳನ್ನಾಡಿಸಿ ಲೇಸು ಹೆಣೆಯುವುದು ಅಲ್ಲಿನ ಹೆಂಗಸರ ಮಕ್ಕಳ ಕಸುಬು. ಇಂತಹ ಜನರಿಗೆ ದೀರ್ಘವಾದ ಉಪದೇಶವು ಮನಸ್ಸಿನಲ್ಲಿ ನಿಲ್ಲದೆಂದು ಕಂಡು, ನ್ಯೂಟನ್ನನು ತನ್ನ ಉಪದೇಶಗಳಿಗೆ ಹೊಂದುವ ಸರಳವಾದ ಗೀತೆಗಳನ್ನು ಕಟ್ಟಿ ಪ್ರಾರ್ಥನಾಕೂಟಗಳಲ್ಲಿ ಹಾಡಿಸತೊಡಗಿದನು. ಪಾಠವು ಮಕ್ಕಳ ನಾಲಗೆಯಲ್ಲಿ ನಿಲ್ಲಬೇಕಾದರೆ ಅದನ್ನು ಪದ್ಯವಾಗಿ ಕಲಿಸಬೇಕೆಂಬುದನ್ನು ನಮ್ಮ ಹಳೆಯ ಉಪಾಧ್ಯಾಯರೂ ಬಲ್ಲವರಾಗಿದ್ದರಷ್ಟೆ.

1773ರ ಜನವರಿ 1ರಂದು ಆತನು ಉಪದೇಶಕ್ಕೆ ಆರಿಸಿಕೊಂಡುದು ಹಳೆಯ ಒಡಂಬಡಿಕೆಯ ಪೂರ್ವಕಾಲವೃತ್ತಾಂತ ಪ್ರಥಮಭಾಗದ 17ನೆಯ ಅಧ್ಯಾಯವನ್ನು. ದಾವೀದರಾಜನು ದೇವರಿಗೆ ಒಂದು ಮನೆಯನ್ನು ಕಟ್ಟಿಸಬೇಕೆಂದು ಸಂಕಲ್ಪಿಸಿದನು. ಅದಕ್ಕೆ ದೇವರು ನಾತಾನನೆಂಬ ಪ್ರವಾದಿಯ ಮುಖಾಂತರ, ನೀನು ನನಗೆ ಮನೆ ಕಟ್ಟಬೇಕಾದುದಿಲ್ಲ, ನಾನೇ ನಿನ್ನ ಮನೆತನವನ್ನು ಕಟ್ಟುವೆನೆಂದು ತಿಳಿಸಿದನು. ಕೊಡಲು ಬಂದವನೇ ಪಡೆದುಕೊಂಡು ಕುಳಿತನು! ಆಗ ದಾವೀದನು ತನಗೆ ಇಷ್ಟು ದೊರೆಯಲು ತಾನೆಷ್ಟರವನೆಂದು ಬೆರಗಾಗಿ ದೇವರನ್ನು ಕೊಂಡಾಡಿದನು. ಈ ಬೆರಗನ್ನೇ ವಿಷಯವಾಗುಳ್ಳ ಒಂದು ಗೀತೆಯನ್ನು ನ್ಯೂಟನ್ನನು ಆ ಉಪದೇಶಕ್ಕಾಗಿ ರಚಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಅದೇ ಇಂದು ಜಗತ್ತೆಲ್ಲವೂ ಬಲ್ಲ ‘ಅಮೇಜಿಂಗ್ ಗ್ರೇಸ್’ ಎಂಬ ಗೀತೆ. ಕಳೆದುಹೋದವನು ದೊರಕಿದ ಸಂತೋಷವೇ ಅದರ ಜೀವಾಳ. ಗಮನಿಸಿರಿ, ಅದರಲ್ಲಿ ಬೇಡಿಕೆಯಿಲ್ಲ. ಬಂದುದರ ಎಣಿಕೆಯೂ ಬರಲಿರುವುದರ ಭರವಸೆಯೂ ಮಾತ್ರವಿರುವುವು.

ಓಲ್ನಿಯಲ್ಲಿ ನ್ಯೂಟನ್ನನಿಗೆ ಒಬ್ಬ ಆಪ್ತಮಿತ್ರನಿದ್ದನು; ಆತನೇ ಕವಿ ವಿಲಿಯಂ ಕೂಪರ್. 1731ರಲ್ಲಿ ಹುಟ್ಟಿ, ಆರನೆಯ ವರ್ಷದಲ್ಲಿ ತಾಯಿಯನ್ನು ಕಳೆದುಕೊಂಡ ಈತನ ಮನಸ್ಸು ಬಹು ಕೋಮಲವಾದುದು. 1763ರಲ್ಲಿ ಒಂದು ಸರಕಾರೀ ಹುದ್ದೆಗಾಗಿ ಪರೀಕ್ಷೆಗೆ ನಿಲ್ಲಬೇಕಾಗಿ ಬಂದಾಗ ಭೀತಿಯಿಂದ ಬುದ್ಧಿಭ್ರಮಣೆಯಾಗಿ ಪ್ರಾಣತ್ಯಾಗಕ್ಕೂ ಯತ್ನಿಸಿದ್ದನು. ಸೇಂಟ್ ಆಲ್ಬನ್ಸ್ ಊರಿನ ಚಿಕಿತ್ಸಾಲಯದಲ್ಲಿದ್ದಾಗ ಪೌಲನ ಪತ್ರವನ್ನೋದಿ, ಕ್ಷಮೆಯು ಉಚಿತವಾದ ದಾನವೆಂಬುದನ್ನು ಕಂಡು ಗುಣಮುಖನಾಗಿ, 1767ರಲ್ಲಿ ಓಲ್ನಿಗೆ ಬಂದು ನೆಲೆಸಿದನು. ಇಬ್ಬರ ಮನೆಗಳ ನಡುವೆ ಒಂದು ತೋಟವಿದ್ದಿತು. ಅದರೊಳಗಿಂದ ಹಾದುಹೋಗುವ ಹಕ್ಕಿಗಾಗಿ ವರ್ಷಕ್ಕೆ ಒಂದು ಗಿನಿ ನಾಣ್ಯವನ್ನು ತೆತ್ತು, ಮಿತ್ರರು ದಿನವೂ ಬಂದು ಹೋಗಿ ಕೂಡಿ ಹಾಡುಗಳನ್ನು ಕಟ್ಟಿದರು. 1779ರಲ್ಲಿ ಪ್ರಕಟವಾದ ‘ಓಲ್ನಿ ಹಿಮ್ಸ್’ ಎಂಬ ಸಂಗ್ರಹದಲ್ಲಿ 348 ಗೀತೆಗಳಿವೆ. ಅವುಗಳಲ್ಲಿ 68 ಕೂಪರನವು.

ಆದರೆ ಕೂಪರನ ಪಾಲು ಅಷ್ಟಕ್ಕೇ ನಿಂತುದು ಒಂದು ದುಃಖದ ವೃತ್ತಾಂತ. ನ್ಯೂಟನ್ನನು ಕೃಪೆಯ ಬೆರಗನ್ನು ಕುರಿತು ಉಪದೇಶಿಸಿದ ಆ 1773ರ ಜನವರಿಯಲ್ಲಿಯೇ ಕೂಪರನ ಹಳೆಯ ವ್ಯಾಧಿಯು ಮರುಕಳಿಸಿತು. ತಾನು ದೇವರಿಂದ ತಿರಸ್ಕೃತನು, ತನ್ನ ಪಾಲಿಗೆ ಎಲ್ಲವೂ ಮುಗಿಯಿತು ಎಂಬ ಕಲ್ಪನೆಯು ಒಂದು ಕನಸಿನಿಂದ ದೃಢಪಟ್ಟು ಆತನ ಹೃದಯದಲ್ಲಿ ಬೇರೂರಿತು. ಕೃಪೆಯು ಎಲ್ಲರಿಗೂ ಉಂಟು, ತನಗೊಬ್ಬನಿಗೆ ಇಲ್ಲವೆಂಬುದು ಆತನ ನಂಬಿಕೆ. ಆ ಬಳಿಕ ಆತನು ದೇವಾಲಯದ ಆರಾಧನೆಗೆ ಹೋಗಲಿಲ್ಲ. ನ್ಯೂಟನ್ನನು ಮಿತ್ರನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು, ಒಂದು ವರ್ಷಕ್ಕೂ ಮೀರಿ ಹಗಲಿರುಳು ಕಾದು ನೋಡಿಕೊಂಡನು. ಮುಂದೆ ಕೂಪರನು ಮೊಲಗಳನ್ನು ಸಾಕಿದನು, ತೋಟ ಮಾಡಿದನು, ಹೋಮರನ ಕಾವ್ಯಗಳನ್ನು ಇಂಗ್ಲಿಷಿಗೆ ತಂದು 1791ರಲ್ಲಿ ಪ್ರಕಟಿಸಿದನು, ಗುಲಾಮರ ದುಃಖವನ್ನು ಕುರಿತು ಪದ್ಯಗಳನ್ನು ಬರೆದನು. ಆದರೂ 1800ರಲ್ಲಿ ತೀರಿಕೊಳ್ಳುವವರೆಗೆ ಆ ಕತ್ತಲೆಯು ಪೂರ್ಣವಾಗಿ ಸರಿಯಲಿಲ್ಲ. ತಾನು ಬರೆದ ಹಾಡನ್ನು ಊರವರು ಹಾಡುತ್ತಿರುವಾಗ ತಾನು ಹೊರಗೆ ನಿಂತವನ ಸಂಕಟವನ್ನು ಯಾರು ಅಳೆದಾರು!

ಸ್ತುತಿಯ ಆನಂದವನ್ನು ಕುರಿತು ಬರೆಯುವವರು ಈ ಕೂಪರನನ್ನು ದಾಟಿ ಹೋಗುವಂತಿಲ್ಲ. ಆನಂದಪಡುವವನಿಗೇ ರಕ್ಷಣೆಯೆಂದು ಹೇಳಿದರೆ ಆನಂದವೇ ಒಂದು ಸುಂಕವಾದಂತಾಯಿತು. ಪುಣ್ಯಕರ್ಮವನ್ನು ಕೇಳುತ್ತಿದ್ದ ಬಾಗಿಲಿನಲ್ಲಿ ಈಗ ನಗುಮುಖವನ್ನು ಕೇಳಿದಂತೆ. ಆಗ ಕೂಪರನಂಥವರ ಗತಿಯೇನು? ನಮ್ಮ ನಿಮ್ಮ ಮನೆಗಳಲ್ಲಿಯೂ ಇಂತಹವರು ಇರುವರು. ದೇವರ ಮುಂದೆ ದೀಪವನ್ನು ಹಚ್ಚುವರು, ಮನಸ್ಸಿನ ದೀಪವು ಮಾತ್ರ ಹತ್ತದು. ಅವರಿಗೆ, ನಿನ್ನ ಭಕ್ತಿ ಸಾಲದೆಂದು ಹೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ. ನ್ಯೂಟನ್ನನು ಹಾಗೆ ಹೇಳಲಿಲ್ಲ. ದಾನವು ಕೊಡುವವನ ಮನಸ್ಸಿನಿಂದ ನಿಲ್ಲುವುದೇ ಹೊರತು ಪಡೆಯುವವನ ಮನಃಸ್ಥಿತಿಯಿಂದಲ್ಲವೆಂದು ಆತನು ಬಲ್ಲನು. ಬೆಕ್ಕಿನ ಮರಿಯು ನಿದ್ದೆಹೋದರೂ ತಾಯಿಯ ಹಿಡಿತವು ಸಡಿಲಾಗದಷ್ಟೆ. ಆದುದರಿಂದಲೇ ಮಿತ್ರನು ತನ್ನ ವಿಷಯದಲ್ಲಿ ನಂಬಲಾರದುದನ್ನು ಆತನು ಮಿತ್ರನ ವಿಷಯದಲ್ಲಿ ನಂಬಿದನು. ಕೂಪರನು ಗತಿಸಿದಾಗ ಸ್ಮರಣೋಪದೇಶವನ್ನು ಭರವಸೆಯಿಂದಲೇ ಮಾಡಿದನು. ಹಾಡಲಾರದವನ ಪಾಲಿನ ಹಾಡನ್ನು ನೆರೆಯವನು ಹಾಡಬಹುದು. ಜನರು ಕೂಡಿ ಸ್ತುತಿಸುವುದರ ಪ್ರಯೋಜನಗಳಲ್ಲಿ ಇದೂ ಒಂದು.

ಇನ್ನು ನಾವು ಉಳಿಸಿಕೊಂಡಿದ್ದ ಪ್ರಶ್ನೆಗೆ ಬರೋಣ. ನ್ಯೂಟನ್ನನು 1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಬಂದನು. 1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣನಾದ ಪಾರ್ಲಿಮೆಂಟಿನ ಸದಸ್ಯನು, ಧರ್ಮಾಸಕ್ತಿಯಿಂದ ರಾಜಕಾರಣವನ್ನು ಬಿಡಬೇಕೋ ಎಂಬ ಸಂದೇಹದಲ್ಲಿ ಗುಟ್ಟಾಗಿ ಆತನ ಬಳಿಗೆ ಬಂದನು. ಬಿಡಬೇಡ, ಅಲ್ಲಿದ್ದೇ ದೇವರ ಕೆಲಸವನ್ನು ಮಾಡೆಂದು ನ್ಯೂಟನ್ನನು ಧೈರ್ಯ ಹೇಳಿದನು. 1788ರಲ್ಲಿ ಆತನು ಗುಲಾಮರ ವ್ಯಾಪಾರವನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿ, ಆ ಕ್ರೂರಕರ್ಮದಲ್ಲಿ ತಾನೂ ಒಬ್ಬ ಸಾಧನವಾಗಿದ್ದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಂಡನು. ಹಡಗಿನ ಕೆಳಗಿನ ಅಂತಸ್ತಿನಲ್ಲಿ ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದ ಬಗೆ, ಬೆಳಗ್ಗೆ ನೋಡಿದರೆ ಸತ್ತವನೂ ಬದುಕಿದವನೂ ಒಂದೇ ಸರಪಣಿಯಲ್ಲಿರುತ್ತಿದ್ದ ಬಗೆ, ಇವೆಲ್ಲವನ್ನೂ ಕಣ್ಣಾರೆ ಕಂಡವನಾಗಿ ವರ್ಣಿಸಿದನು. ಅದೇ ವರ್ಷ ರಾಜನ ಮಂತ್ರಾಲೋಚನ ಸಭೆಯ ಮುಂದೆಯೂ, 1790ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಸಾಕ್ಷ್ಯ ನುಡಿದನು. 1807ರ ಮಾರ್ಚ್ 25ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನಕ್ಕೆ ರಾಜನ ಒಪ್ಪಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರ್ 21ರಂದು, ಕಣ್ಣು ಮಸುಕಾಗಿದ್ದ ಎಂಬತ್ತೆರಡು ವರ್ಷದ ನ್ಯೂಟನ್ನನು ದೇಹವನ್ನು ಬಿಟ್ಟನು.

ಕೃಪೆಯು ಮನುಷ್ಯನನ್ನು ಅಲಕ್ಷ್ಯಕ್ಕೆ ದೂಡುವುದೆಂಬವರಿಗೆ ಈ ಚರಿತ್ರೆಯು ಉತ್ತರವಾಗುವುದೇ? ಅರ್ಧ ಉತ್ತರವಾಗುವುದೆಂದು ನಮ್ಮ ಅಭಿಪ್ರಾಯ. ಕೃಪೆಯನ್ನು ಪಡೆದ ಮಾತ್ರಕ್ಕೆ ಕಣ್ಣಿನ ಪೊರೆಯೆಲ್ಲವೂ ಒಂದೇ ದಿನದಲ್ಲಿ ಕಳಚಿಬೀಳಲಿಲ್ಲ. ಆ ವಿಳಂಬಕ್ಕೆ ಬೆಲೆ ತೆತ್ತವರು ನ್ಯೂಟನ್ನನಲ್ಲ, ಹಡಗಿನ ಕೆಳಗಿದ್ದವರು. ಇದನ್ನು ಮುಚ್ಚಿಟ್ಟು ಹಾಡಿದರೆ ಹಾಡು ಸುಳ್ಳಾಗುವುದು. ಉಳಿದ ಅರ್ಧವೇನೆಂದರೆ, ತನ್ನ ಪಾಪವನ್ನು ಲೋಕದೆದುರಿಗೆ ಬಿಚ್ಚಿಡುವ ಧೈರ್ಯವು ಆತನಿಗೆ ಬಂದುದು ಕ್ಷಮೆಯ ಭರವಸೆಯಿಂದಲೇ. ಪುಣ್ಯದ ಲೆಕ್ಕವನ್ನು ನಂಬಿದವನು ಹಳೆಯ ಖರ್ಚನ್ನು ಅಡಗಿಸಬೇಕಾಗುವುದು. ಸಾಲವೆಲ್ಲವೂ ಮನ್ನಾ ಆಯಿತೆಂದು ತಿಳಿದವನು ಪುಸ್ತಕವನ್ನು ಬಿಚ್ಚಿ ತೋರಿಸಬಲ್ಲನು. ಸತ್ಕರ್ಮವು ಕೃಪೆಗೆ ಕೊಡುವ ಬೆಲೆಯಲ್ಲ. ಆದರೆ ಕೃಪೆಯ ಬೇರಿಗೆ ಹುಟ್ಟಬೇಕಾದ ಫಲವು ಅದು. ಫಲವು ತಡವಾದಾಗ ಮರವನ್ನು ಪ್ರಶ್ನಿಸುವುದು ನ್ಯಾಯವೇ ಸರಿ.

ಆ ಗೀತೆಯ ಮುಂದಿನ ಪಯಣವೂ ಸೋಜಿಗವಾದುದು. ಅದು ಅಮೆರಿಕಕ್ಕೆ ಹೋಗಿ, 1835ರಲ್ಲಿ ವಿಲಿಯಂ ವಾಕರನ ಸಂಗ್ರಹದಲ್ಲಿ ಇಂದಿನ ರಾಗದೊಡನೆ ಜೋಡಿಯಾಯಿತು. ಈಗ ಹಲವರು ಹಾಡುವ ಕೊನೆಯ ಚರಣವು ನ್ಯೂಟನ್ನನದಲ್ಲ, ಬೇರೆಡೆಯಿಂದ ಬಂದು ಸೇರಿದುದು. ಯಾರನ್ನು ಸರಪಣಿ ಬಿಗಿದು ಆ ದೇಶಕ್ಕೆ ಸಾಗಿಸಿದರೋ ಅವರ ಸಂತತಿಯವರೇ ಅದನ್ನು ತಮ್ಮದಾಗಿ ಮಾಡಿಕೊಂಡು ಹಾಡಿದರು. 2015ರ ಜೂನ್ 17ರಂದು ಚಾರ್ಲ್ಸ್‌ಟನ್ ನಗರದ ಕರಿಯ ಜನಾಂಗದವರ ದೇವಾಲಯವೊಂದರಲ್ಲಿ ಒಂಬತ್ತು ಮಂದಿ ಗುಂಡಿಗೆ ಬಲಿಯಾದರು. ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿಯವರ ಅಂತ್ಯವಿಧಿಯು ಜೂನ್ 26ರಂದು ನಡೆದಾಗ, ಅಂದಿನ ಅಧ್ಯಕ್ಷರಾಗಿದ್ದ ಬರಾಕ್ ಒಬಾಮರು ಕೃಪೆಯನ್ನು ಕುರಿತು ಮಾತನಾಡುತ್ತ ಮಾತನ್ನು ನಿಲ್ಲಿಸಿ ಈ ಗೀತೆಯನ್ನೆತ್ತಿಕೊಂಡರು. ನೆರೆದವರೆಲ್ಲರೂ ಎದ್ದು ದನಿಗೂಡಿಸಿದರು. ಗುಲಾಮರನ್ನು ಮಾರಿದವನ ಹಾಡು ಅವರ ಬಾಯಲ್ಲಿ ಸಾಂತ್ವನವಾಯಿತು. ಇದನ್ನು ನ್ಯೂಟನ್ನನ ಪ್ರತಿಭೆಯೆನ್ನುವುದಕ್ಕಿಂತ ಹಾಡಿದವರ ಔದಾರ್ಯವೆನ್ನುವುದು ಲೇಸು.

ಕ್ರೈಸ್ತರ ಸ್ತುತಿಯು ಕನ್ನಡ ನುಡಿಗೂ ಬಂದು ಬಹುಕಾಲವಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ನಿಘಂಟುವಿನಿಂದ ಕನ್ನಡಿಗರೆಲ್ಲರಿಗೂ ಪೂಜ್ಯರಾದ ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ ಎಂಬ ಗ್ರಂಥದಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಹಾಡಿದರು. ಆನಂದವು ತಾಯಿನುಡಿಯಲ್ಲದೆ ಬೇರೆ ನುಡಿಯಲ್ಲಿ ಪೂರ್ಣವಾಗಿ ಹೊರಡದೆಂಬುದನ್ನು ಅವರು ಬಲ್ಲವರಾಗಿದ್ದರು.

ಕೊನೆಯದಾಗಿ ಲೂಕನ ಕಥೆಯ ಒಂದು ಅಂಶವನ್ನು ನೆನೆಯಬೇಕು. ಹೊರಗೆ ನಿಂತ ಹಿರಿಯ ಮಗನನ್ನು ತಂದೆಯು ಒಳಗಿನಿಂದಲೇ ಕೂಗಿ ಕರೆಯಲಿಲ್ಲ. ಔತಣವನ್ನು ಬಿಟ್ಟು ತಾನೇ ಹೊರಗೆ ಬಂದು ಬೇಡಿಕೊಂಡನು. ತನ್ನದೆಲ್ಲವೂ ಆ ಮಗನದೇ ಎಂದನು. ಲೆಕ್ಕದ ಹೆಮ್ಮೆಯಿಂದ ನಿಂತವನಿಗೂ, ಕೂಪರನಂತೆ ಲೆಕ್ಕದ ಭಯದಿಂದ ನಿಂತವನಿಗೂ ಬೇಕಾದ ಮಾತು ಅದೊಂದೇ. ಆ ಮಗನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಸುವಾರ್ತೆಯು ಹೇಳದೆ ಬಿಟ್ಟಿದೆ. ಬಾಗಿಲು ತೆರೆದಿತ್ತು, ತಂದೆಯು ಹೊರಗೆ ಬಂದಿದ್ದನು, ಒಳಗೆ ಹಾಡು ನಡೆದಿದ್ದಿತು ಎಂಬಷ್ಟನ್ನು ಮಾತ್ರ ನಾವು ಬಲ್ಲೆವು.